ಟೀಚರ್ ಸುಮ್ಮನಿದ್ದ ದಿನ

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ ಹಕ್ಕುಗಳ ವೇದಿಕೆಯ ಕಚೇರಿ. ಸಂಜೆ ಟೀಚರ್ ಎಂದಿನಂತೆ ಕೆಂಪು ಪೆನ್ನು ಹಿಡಿದು ಮನವಿ ಪತ್ರವೊಂದನ್ನು ತಿದ್ದುತ್ತಿದ್ದರು. ಶಾಲೆಯಿಂದ ನಿವೃತ್ತರಾಗಿ ಹನ್ನೊಂದು ವರ್ಷವಾದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ, ತಿದ್ದುವ ಚಟವೂ ಬಿಟ್ಟಿರಲಿಲ್ಲ. ವೇದಿಕೆ ಕಟ್ಟಿದವರು ಅವರೇ. ಅಧಿಕಾರಿಗಳ ಮುಂದೆ ಮಾತಾಡುವುದೂ, ಕೊನೆಗೆ ಬಾಗಿಲಿಗೆ ಬೀಗ ಹಾಕುವುದೂ ಅವರೇ.

ಎದುರಿಗೆ ಕುಳಿತವಳು ಕಡ್ಡಿ. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದು ಜೊತೆಯವರು ಇಟ್ಟ ಹೆಸರು. ಹನ್ನೆರಡು ಮಹಡಿಯ ಕಟ್ಟಡವೊಂದರ ಒಂಬತ್ತನೇ ಮಹಡಿಯಲ್ಲಿ ಅಜ್ಜನೊಬ್ಬರನ್ನು ನೋಡಿಕೊಳ್ಳುವುದು ಅವಳ ಕೆಲಸ. ಹೋದ ತಿಂಗಳು ಅಲ್ಲಿಯ ಲಿಫ್ಟಿನ ಪಕ್ಕ ‘ಕೆಲಸದವರು ಮೆಟ್ಟಿಲು ಬಳಸಿ’ ಎಂಬ ಬೋರ್ಡು ಹಾಕಿದ್ದರು. ಅಲ್ಲಿ ದುಡಿಯುವ ಇಪ್ಪತ್ತಾರು ಜನರನ್ನು ಸೇರಿಸಿ ವೇದಿಕೆಗೆ ಕರೆತಂದವಳು ಅವಳೇ.

“ಟೀಚರ್, ಇದ್ರಲ್ಲಿ ನಾನು ಬರೆದಿದ್ದು ಎಲ್ಲಿ?”

“ಅದೇ ಅಲ್ವೇನಮ್ಮಾ, ಸ್ವಲ್ಪ ನೆಟ್ಟಗೆ ಮಾಡಿದ್ದೀನಿ.”

“ಮಂಡಿ ನೋವು ಅಂತ ಬರೆದಿದ್ದೆ. ‘ಸಮಾನತೆಯ ಆಶಯಕ್ಕೆ ಧಕ್ಕೆ’ ಅಂತಾಗಿದೆ. ನಾಳೆ ನಿವಾಸಿಗಳ ಸಂಘದ ಮೀಟಿಂಗಲ್ಲಿ ಯಾರು ಮಾತಾಡ್ತಾರೆ?”

“ನಾನಿದ್ದೀನಲ್ಲ. ನೀನು ತಡವರಿಸಿದ್ರೆ ನಿನ್ನ ಕೆಲಸಕ್ಕೇ ಸಂಚಕಾರ.”

“ನಿಜ. ಆದ್ರೆ ಅವರು ಮತ್ತೆ ಬೋರ್ಡು ಹಾಕಿದ್ರೆ? ಪ್ರತಿ ಸಲ ನಿಮ್ಮನ್ನ ಹೊತ್ಕೊಂಡು ಮಹಡಿ ಹತ್ತೋಕಾಗುತ್ತಾ?”

ಟೀಚರಿಗೆ ನಗು ಬಂತು, ಬೆನ್ನಲ್ಲೇ ಮಾತು ಚುಚ್ಚಿತು. ಎರಡು ವರ್ಷದಲ್ಲಿ ಮೂವರು ಹುರುಪಿನಿಂದ ವೇದಿಕೆಗೆ ಬಂದು ಬಿಟ್ಟುಹೋಗಿದ್ದರು. “ಎಲ್ಲಾ ಕಲಿತೆ ಮೇಡಂ, ಬಾಯಿ ಬಿಡೋದೊಂದು ಬಿಟ್ಟು” ಎಂದು ಕೊನೆಯಲ್ಲಿ ಹೋದ ಬಸ್ ಕಂಡಕ್ಟರ್ ಹೇಳಿದ್ದನ್ನು ಅವರು ಅಧಿಕಪ್ರಸಂಗವೆಂದೇ ತಿಳಿದಿದ್ದರು.

ತಿದ್ದಿದ ಹಾಳೆ ಮಡಚಿಟ್ಟರು. “ನಿನ್ನ ಮಾತಲ್ಲೇ ಬರಿ. ಅವರು ಏನೇನು ಕೇಳಬಹುದೋ ನಾನು ಕೇಳ್ತೀನಿ, ಉತ್ತರ ಹೇಳು.” ಎರಡು ತಾಸು ಟೀಚರ್ ಎದುರಾಳಿಯಾಗಿ ಕಾಡಿದರು, ಒಂದು ಪದವನ್ನೂ ತಿದ್ದಲಿಲ್ಲ.

ಮರುದಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಸೌಜನ್ಯದಿಂದಲೇ ಶುರು ಮಾಡಿದರು. “ನಮಗೆ ಯಾರ ಮೇಲೂ ದ್ವೇಷ ಇಲ್ಲ. ಲಿಫ್ಟ್ ಹಳೇದು. ಭಾರ ಜಾಸ್ತಿ ಆದ್ರೆ ಕೆಟ್ಟು ನಿಲ್ಲುತ್ತೆ. ಮೇಲೆ ವಯಸ್ಸಾದವರಿದ್ದಾರೆ.”

ಕಡ್ಡಿ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಕಾರ್ಯದರ್ಶಿ ಟೀಚರ್ ಕಡೆ ತಿರುಗಿದರು. “ಮೇಡಂ, ನೀವೇ ಹೇಳಿ.”

ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಟೀಚರ್ ಅದನ್ನು ನುಂಗಿದರು. “ಅವರನ್ನೇ ಕೇಳಿ ಸಾರ್. ನಾನು ಕೇಳಿಸ್ಕೊಳ್ಳೋಕೆ ಬಂದಿದ್ದೀನಿ.”

ಕಡ್ಡಿ ಒಮ್ಮೆ ಉಸಿರೆಳೆದುಕೊಂಡಳು.

“ಸಾರ್, ಅಜ್ಜನ ವೀಲ್‌ಚೇರ್ ತಳ್ಕೊಂಡು ಇಳಿಯುವಾಗ ನಾನೂ ಲಿಫ್ಟಲ್ಲೇ ಬರ್ತೀನಿ. ಆಗ ನಾನು ಭಾರ ಅಲ್ಲ. ಅವರನ್ನ ಕೆಳಗೆ ಕೂರಿಸಿ, ಮರೆತ ಕನ್ನಡಕ ತರೋಕೆ ಒಬ್ಬಳೇ ಹೋದ್ರೆ ಭಾರ ಆಗ್ತೀನಿ. ಇಬ್ಬರಿದ್ದಾಗ ತಡ್ಕೊಳ್ಳೋ ಲಿಫ್ಟು ಒಬ್ಬಳಿದ್ದಾಗ ಹೇಗೆ ಸಾರ್ ಕೆಡುತ್ತೆ?”

ಮೂಲೆಯಲ್ಲಿ ಯಾರೋ ಹಿರಿಯರು ನಕ್ಕುಬಿಟ್ಟರು. ಕಾರ್ಯದರ್ಶಿಯ ಮುಖ ಕೆಂಪಾಯಿತು. ಆಮೇಲೆ ಅವರೂ ಮೆಲ್ಲಗೆ ತಲೆಯಾಡಿಸಿದರು. “ಅದನ್ನ ನಾನು ಯೋಚಿಸಿರಲಿಲ್ಲಮ್ಮ.” ಲಿಫ್ಟಿನಲ್ಲಿ ಒಂದು ಬಾರಿಗೆ ಐದೇ ಜನ, ಯಾರೇ ಆಗಲಿ, ಎಂದು ತೀರ್ಮಾನವಾಯಿತು. ಅರ್ಧ ಗಂಟೆಯಲ್ಲಿ ಬೋರ್ಡು ಇಳಿಯಿತು.

ಕಾರ್ಯದರ್ಶಿ ನಿರ್ಣಯದ ಹಾಳೆಯನ್ನು ರುಜುವಿಗಾಗಿ ಟೀಚರ ಮುಂದೆ ಇಟ್ಟರು. ಟೀಚರ್ ಅದನ್ನು ಕಡ್ಡಿಯ ಕಡೆ ಸರಿಸಿದರು. “ಮಾತಾಡಿದವರು ಅವರು. ರುಜುವೂ ಅವರದೇ.”

ಕಡ್ಡಿ ಪೂರ್ತಿ ಓದಿ, ನಿಧಾನವಾಗಿ ರುಜು ಹಾಕಿದಳು. ಹಾಳೆಯನ್ನು ಮಾತ್ರ ಕೈಯಿಂದ ಬಿಡಲಿಲ್ಲ.

“ಇದರದೊಂದು ಜೆರಾಕ್ಸ್ ನಮಗೂ ಬೇಕು ಸಾರ್. ಈಗಲೇ. ಮತ್ತೆ ಬೋರ್ಡು ಬಂದ್ರೆ ತೋರಿಸೋಕೆ.”

ಅಷ್ಟು ವರ್ಷದ ಮೀಟಿಂಗುಗಳಲ್ಲಿ ಇದು ಟೀಚರಿಗೂ ಹೊಳೆದಿರಲಿಲ್ಲ.