ಕಮಿಷನ್ ಹೇಳದ ಅಣ್ಣ

ತಳಕು ಊರಿನ ಅಂಗನವಾಡಿ ಕಾರ್ಯಕರ್ತೆ ರೂಪ ಮೊಪೆಡ್ ಕೊಂಡದ್ದು ಚಳ್ಳಕೆರೆಯ ಜಂಬುಲಿಂಗಪ್ಪನ ಶೋರೂಮಿನಲ್ಲಿ. "ನೀನು ನನ್ನ ತಂಗಿ ಇದ್ದಂಗೆ ಕಣಮ್ಮ. ಬ್ಯಾಂಕಿಗೆ ಯಾಕೆ ಅಲೀತೀಯಾ? ಫೈನಾನ್ಸಿನೋರ ಹತ್ರ ನಾನೇ ಮಾತಾಡಿ ಬಡ್ಡಿ ಕಮ್ಮಿ ಮಾಡಿಸ್ತೀನಿ," ಎಂದಿದ್ದ. ಅವನು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಅವಳು ಸಹಿ ಹಾಕಿದ್ದಳು.

ಕಂತೊಂದು ತಡವಾದಾಗ ಫೈನಾನ್ಸಿನ ವಸೂಲಿಯವನು ಯರ್ರಪ್ಪ ಅಂಗನವಾಡಿ ಬಾಗಿಲಿಗೇ ಬಂದು ಕೂಗಾಡಿದ. ಮಕ್ಕಳೆದುರು ಮಾನ ಹೋದಂತಾಗಿ ರೂಪ ರೇಗಿದಳು. "ಬ್ಯಾಂಕಿಗಿಂತ ನಿಮ್ದು ಇಷ್ಟು ಜಾಸ್ತಿ ಬಡ್ಡಿ ಯಾಕ್ರಿ?"

"ನನ್ನೇನು ಕೇಳ್ತೀರಾ? ಬಡ್ಡಿ ಏರಿಸಿದಷ್ಟೂ ಜಂಬುಲಿಂಗಪ್ಪಗೆ ಕಮಿಷನ್ ಐತೆ. ಎಲ್ರಿಗೂ ಗೊತ್ತಿರೋದೇ!"

ರೂಪಳಿಗೆ ಮಾತ್ರ ಗೊತ್ತಿರಲಿಲ್ಲ.

ಅವಳು ಚಿತ್ರದುರ್ಗಕ್ಕೆ ಹೋಗಿ ಜಂಬುಲಿಂಗಪ್ಪನ ಮೇಲೂ ಫೈನಾನ್ಸ್ ಕಂಪನಿಯ ಮೇಲೂ ಗ್ರಾಹಕರ ಕೋರ್ಟಿಗೆ ದೂರು ಕೊಟ್ಟಳು. ರಜೆ ಹಾಕಿ ಹೋದಾಗೆಲ್ಲ ಒಮ್ಮೆ ಕಂಪನಿಯ ವಕೀಲ ಬಂದಿರುತ್ತಿರಲಿಲ್ಲ, ಇನ್ನೊಮ್ಮೆ ಜಂಬುಲಿಂಗಪ್ಪನಿಗೆ ಮೈ ಸರಿಯಿರುತ್ತಿರಲಿಲ್ಲ. ಕೊನೆಗೆ ಅವಳ ಸರದಿ ಬಂದಾಗ ಕೋರ್ಟಿನ ಅಧ್ಯಕ್ಷರು ಕೇಳಿದರು: "ಈ ಜಂಬುಲಿಂಗಪ್ಪ ನಿಮಗೆ ಸಂಬಂಧದಲ್ಲಿ ಅಣ್ಣ ಆಗಬೇಕೇನಮ್ಮ?"

"ಇಲ್ಲ ಸಾರ್. ತಂಗಿ ಅಂದಿದ್ರು."

ಹಿಂದೆ ಯಾರೋ ನಕ್ಕರು.

ತೀರ್ಪಿನ ದಿನ ದೂರು ವಜಾ ಆಯಿತು. ಅವಳ ವಕೀಲ ಹನುಮಂತರಾಜು ಮೆಟ್ಟಿಲ ಬಳಿ ನಿಂತು ವಿವರಿಸಿದ. "ಅವನು ವ್ಯಾಪಾರಸ್ಥ, ನಿಮ್ಮ ಪರ ಮಾತಾಡೋಕೆ ನೇಮಿಸಿದೋನಲ್ಲ. ಕಮಿಷನ್ ವಿಷಯ ಹೇಳಲೇಬೇಕಂತ ಕಾನೂನಿಲ್ಲವಂತೆ."

"ಮತ್ತೆ ಕಮ್ಮಿ ಮಾಡಿಸ್ತೀನಿ ಅಂದಿದ್ದು?"

"ಅದಕ್ಕೆ ಸಾಕ್ಷಿ ಎಲ್ಲೈತಮ್ಮ? ಬೇಕಾದ್ರೆ ಬೆಂಗಳೂರಿಗೆ ಅಪೀಲು ಹೋಗೋಣ."

ಇನ್ನೆಷ್ಟು ರಜೆ ಹಾಕುವುದು? ಅವಳು ಬಸ್ಸು ಹತ್ತಿದಳು. ಚಳ್ಳಕೆರೆಯಲ್ಲಿ ಇಳಿದವಳು ನೇರ ಶೋರೂಮಿಗೆ ನಡೆದಳು. ದೊಡ್ಡಉಳ್ಳಾರ್ತಿಯ ಹೆಂಗಸೊಬ್ಬಳು, ಮೂಗಮ್ಮ ಅಂತೆ, ಮಗನಿಗೆ ಗಾಡಿ ಕೊಡಿಸಲು ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದಳು.

"ಅಕ್ಕ, ಇವರಿಗೆ ಫೈನಾನ್ಸಿಂದ ಎಷ್ಟು ಕಮಿಷನ್ ಬರ್ತೈತೆ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿ," ಎಂದಳು ರೂಪ.

ಜಂಬುಲಿಂಗಪ್ಪನಿಗೆ ಸಿಟ್ಟೂ ಬರಲಿಲ್ಲ. "ನಂದೇನೂ ತಪ್ಪಿಲ್ಲ ಅಂತ ಕೋರ್ಟೇ ಹೇಳೈತೆ. ಕೂತ್ಕೊಳಮ್ಮ, ಬಿಸಿಲಲ್ಲಿ ಬಂದೀಯ."

ಮೂಗಮ್ಮ ಇಬ್ಬರನ್ನೂ ನೋಡಿದಳು. "ಏನಾದ್ರೂ ತಗೊಳ್ಳಲಿ ಬಿಡವ್ವ. ಬ್ಯಾಂಕಿನೋರು ನನ್ನ ಒಳಗೇ ಬಿಡಲಿಲ್ಲ. ಈ ಸ್ವಾಮಿ ಕೂರಿಸಿ ಮಾತಾಡ್ಸವ್ರೆ."

ಮೂಗಮ್ಮ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಳ್ಳುತ್ತಿದ್ದಂತೆ ರೂಪ ಹೊರಗೆ ಬಂದಳು. ಸಾಲಾಗಿ ನಿಲ್ಲಿಸಿದ್ದ ಹೊಸ ಮೊಪೆಡ್ಡುಗಳಲ್ಲಿ ಒಂದನ್ನು ಒದ್ದುಬಿಡಬೇಕೆನಿಸಿತು. ಒದೆಯಲಿಲ್ಲ.