ಇನ್ನೊಂದು ಕೈ

ಲಾರಿ ಗೇಟಿನ ಹೊರಗೆ ಗುರ್ ಅನ್ನುತ್ತ ನಿಂತಿತ್ತು. ಮೀಸೆ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

"ಏನು ಮೇಕೆ ಸಾಹೇಬ್ರೇ, ಬರ್ತೀರೋ, ಇಲ್ಲಾ ಆರತಿ ಎತ್ತಿ ಕರೀಬೇಕೋ? ಕತ್ತಲಾಗೋದ್ರೊಳಗೆ ನಾನು ಸೇತುವೆ ದಾಟ್ಬೇಕು."

"ಒಂದು ಮೇಕೆ ಕರೆಯೋಷ್ಟು ಹೊತ್ತು ನಿಲ್ಲಣ್ಣ, ಬಂದ್ಬಿಟ್ಟೆ!" ಎಂದು ಚಿಕ್ಕ ಕೊಟ್ಟಿಗೆಯೊಳಗಿಂದಲೇ ಕೂಗಿಕೊಂಡ. ಬಾಗಿಲ ಚೌಕಟ್ಟಿಗೆ ತಲೆ ಬಡಿಯುವಷ್ಟು ಬೆಳೆದಿದ್ದರೂ ಮನೆಯಲ್ಲಿ ಅವನು ಇನ್ನೂ ಚಿಕ್ಕನೇ. ಬಟ್ಟೆ ತುಂಬಿದ ಚೀಲವನ್ನು ಆಗಲೇ ಲಾರಿಯ ಸೀಟಿನ ಮೇಲೆ ಎಸೆದು ಬಂದಿದ್ದ. ಮೊದಲು ಕ್ಲೀನರ್, ಆಮೇಲೆ ಸ್ಟೇರಿಂಗ್ ಎಂದು ಡ್ರೈವರ್ ಮಾತು ಕೊಟ್ಟಿದ್ದ. ಈ ಹಿಕ್ಕೆಯ ವಾಸನೆಯಿಂದ ಒಮ್ಮೆ ಪಾರಾದರೆ ಸಾಕಾಗಿತ್ತು ಚಿಕ್ಕನಿಗೆ.

ಅಣ್ಣ ಬೇಡ ಅಂದಿರಲಿಲ್ಲ. ಅಣ್ಣ ಯಾವುದಕ್ಕೂ ಬೇಡ ಅನ್ನುವವನಲ್ಲ. "ಹೋಗಪ್ಪಾ, ನಾನೇನು ನಿನ್ನ ಕಟ್ಟಿ ಹಾಕಿದೀನಾ? ಈ ಮೇಕೆಗಳು ಹಾಲಿಳಿಸೋ ಇನ್ನೊಂದು ಕೈ ತೋರ್ಸು, ಆಮೇಲೆ ಚಂದ್ರಲೋಕಕ್ಕೆ ಬೇಕಾದ್ರೂ ಹೋಗು" ಅಂದಿದ್ದ.

ಆ ಇನ್ನೊಂದು ಕೈ ಇಲ್ಲದಂತೆ ಮಾಡಿದವನು ಚಿಕ್ಕನೇ. ಶಾಲೆ ಬಿಟ್ಟ ವರ್ಷ ಅಣ್ಣ ಅವನನ್ನು ಈ ಕೊಟ್ಟಿಗೆಗೆ ದಬ್ಬಿದ್ದ. ಮೇಷ್ಟ್ರಿಂದ ಹಿಡಿದು ಮನೆಯವರವರೆಗೆ ಎಲ್ಲರ ಬಾಯಲ್ಲೂ ದಂಡಪಿಂಡ ಅನ್ನಿಸಿಕೊಂಡವನಿಗೆ ಹಾಲು ಕರೆಯುವುದೊಂದರಲ್ಲಿ ಹೆಸರು ಬಂತು. ಬಂದ ಹೆಸರನ್ನು ಯಾರಿಗೆ ತಾನೇ ಹಂಚಲು ಮನಸ್ಸಾಗುತ್ತದೆ? ಆಳುಗಳು ಒಳಗೆ ಕಾಲಿಟ್ಟರೆ ಉರಿದು ಬೀಳುತ್ತಿದ್ದ. ನಾಲಗೆಯನ್ನು ಅಂಗುಳಿಗೆ ಬಡಿದು ಟಕ್ ಟಕ್ ಸದ್ದು ಮಾಡಿದಾಗಲೇ ಕೆಚ್ಚಲು ಸಡಿಲಿಸುವಂತೆ ಒಂದೊಂದು ಮೇಕೆಗೂ ರೂಢಿ ಮಾಡಿಸಿದ. ಆ ಸದ್ದು ಬೇಕು, ಅವನ ಅಂಗಿಯ ವಾಸನೆ ಬೇಕು, ಇಲ್ಲದಿದ್ದರೆ ಹಾಲನ್ನು ಮೇಲಕ್ಕೆ ಎಳೆದುಕೊಂಡು ಕಲ್ಲಿನ ಹಾಗೆ ನಿಂತುಬಿಡುತ್ತಿದ್ದವು. ಬಂದವರೆಲ್ಲ ಭಲೇ ಅಂದರು. ಅವನು ಎದೆಯುಬ್ಬಿಸಿದ. ಒಂದು ದಿನ ಜ್ವರ ಬಂದು ಮಲಗಿದಾಗ, ಅವನನ್ನು ಕಂಬಳಿ ಸಮೇತ ಎತ್ತಿ ತಂದು ಸ್ಟೂಲಿನ ಮೇಲೆ ಕೂರಿಸಿದರು. ಅವತ್ತು ಅರ್ಥವಾಯಿತು.

ಕೊನೆಗೆ ದಾರಿ ತೋರಿಸಿದವಳು ಅತ್ತಿಗೆ. ಅಣ್ಣ ಹಾಲಿನ ಕ್ಯಾನು ಹೇರಿಕೊಂಡು ಹೊರಟ ಮೇಲೆ, ಕಡೆಯ ಒಂದೆರಡು ಮೇಕೆಗಳನ್ನು ಚಿಕ್ಕನ ಅಂಗಿ ತೊಟ್ಟು ಗುಟ್ಟಾಗಿ ಕರೆಯತೊಡಗಿದಳು. ಮೊದಮೊದಲು ನಾಲಗೆ ಹೊರಳುತ್ತಿರಲಿಲ್ಲ, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಬರಬರುತ್ತ ಕೈ ಕುದುರಿತು. "ಸಂಜೆ ನಾನು ನೋಡ್ಕೋತೀನಿ. ಬೆಳಗ್ಗೆ ನಿಮ್ಮಣ್ಣನೂ ನಿನ್ನದೊಂದು ಅಂಗಿ ಹಾಕ್ಕೊಂಡು ಕೂತ್ಕೊಳ್ಳಲಿ. ನೀನು ಹೋಗು ಮಾರಾಯ, ಒಬ್ಬರಾದ್ರೂ ಹೊರಗೆ ಬೀಳೋಣ" ಅಂದಿದ್ದಳು.

ಈಗ ಪರೀಕ್ಷೆ. ಮೊಣಕಾಲೆತ್ತರದ ಹಲಗೆಯ ಮೇಲೆ ಯಜಮಾನಿ ಏರಿ ನಿಂತಿದ್ದಳು. ಗುಂಪಿನ ದೊಡ್ಡ ಮೇಕೆ. ಅವಳದಾಗದೆ ಬೇರೆ ಯಾವುದೂ ಹಲಗೆ ಹತ್ತುತ್ತಿರಲಿಲ್ಲ. ಎರಡು ಮರದ ಪಟ್ಟಿಗಳ ನಡುವೆ ಕತ್ತು ತೂರಿಸಿ ಹಿಂಡಿ ಮೆಲ್ಲುತ್ತಿದ್ದಳು. ಚಿಕ್ಕನ ಅಂಗಿ ತೊಟ್ಟಿದ್ದ ಅತ್ತಿಗೆ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಕೆಚ್ಚಲು ಒರೆಸಿದಳು. ಮೊದಲ ಎರಡು ಧಾರೆಯನ್ನು ಬಟ್ಟಲಿಗೆ ಹಿಂಡಿ, ಗಂಟು ಇದೆಯೇ ಎಂದು ನೋಡಿ ಚೆಲ್ಲಿದಳು. ಟಕ್ ಟಕ್. ಹಾಲು ಸೊಂಯ್ ಎಂದು ಪಾತ್ರೆಗೆ ಬಿತ್ತು.

ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಅವನ ಹುಬ್ಬು ಮೇಲೇರಿತು. "ಅರೆರೆ! ಇದ್ಯಾವಾಗ ಕಲಿತೆ ಮಹಾತಾಯಿ? ಸರಿ, ನಿನ್ನ ಕೆಲಸಕ್ಕೆ ಕರ್ಕೊಂಡು ಹೋಗೋ ಬ್ರೆಡ್ ಫ್ಯಾಕ್ಟರಿ ವ್ಯಾನಿನವನಿಗೆ ನಾಳೆಯಿಂದ ಬರ್ಬೇಡ ಅಂತ ಹೇಳ್ಬಿಡ್ತೀನಿ. ಬೆಳಗ್ಗೆ ಇಷ್ಟನ್ನೂ ಮುಗಿಸೋ ಹೊತ್ತಿಗೆ ಅವನೆಲ್ಲಿ ಕಾಯ್ತಾನೆ?"

"ಬೆಳಗ್ಗೆ ನೀವು ಕೂರಬಹುದಲ್ಲ?" ಅತ್ತಿಗೆ ತಲೆ ಎತ್ತದೆ ಕೇಳಿದಳು.

"ನಾನಾ?" ಅಣ್ಣ ಹೊಟ್ಟೆ ಕುಲುಕಿಸಿ ನಕ್ಕ. "ನಾನು ಮೇಕೆ ಕೆಳಗೆ ಕೂತ್ರೆ ವ್ಯಾಪಾರ ಯಜಮಾನಿ ಮಾಡ್ತಾಳಾ?"

ಚಿಕ್ಕನ ಕಣ್ಣು ಅತ್ತಿಗೆಯ ಕೈಯ ಮೇಲೆಯೇ ಇತ್ತು. ನಾಲ್ಕು ಬೆರಳೂ ಕಲಿಸಿದ ಹಾಗೆಯೇ ಒಂದರ ಹಿಂದೊಂದು ಮಡಚುತ್ತಿದ್ದವು. ಹೆಬ್ಬೆರಳು ಮಾತ್ರ ನಿಧಾನವಾಗಿ ಹೊರಳಿತು. ಉಗುರು ಮೊಲೆತೊಟ್ಟಿಗೆ ಊರಿತು.

ಯಜಮಾನಿ ಒದ್ದಳು. ಪಾತ್ರೆ ಉರುಳಿತು, ಹಾಲು ಹುಲ್ಲು ಹಿಕ್ಕೆಯ ನಡುವೆ ಹರಿಯಿತು. ಅತ್ತಿಗೆ ಇನ್ನೊಮ್ಮೆ ಕೈ ಇಟ್ಟಳು, ಮೇಕೆ ಇನ್ನೊಮ್ಮೆ ಒದ್ದಿತು.

"ಏಳೇ, ಏಳು! ಹಾಲೆಲ್ಲ ನೆಲದ ಪಾಲು. ಇವಳ ಕೈಲಿ ಆಗಲ್ಲ ಕಣೋ, ಚಿಕ್ಕ."

ಹೊರಗೆ ಹಾರ್ನ್ ಆಯಿತು, ಉದ್ದಕ್ಕೆ.

ಚಿಕ್ಕ ಬಾಯಿ ತೆರೆದ. ಒಂದೇ ಒಂದು ಮಾತು, 'ಬೇಕಂತಲೇ ಚುಚ್ಚಿದ್ಲು ಅಣ್ಣ', ಅಷ್ಟು ಸಾಕಿತ್ತು. ಅತ್ತಿಗೆ ಎದ್ದು ನಿಂತು ನೇರವಾಗಿ ಅವನನ್ನೇ ನೋಡಿದಳು. ಅಂಗಲಾಚಲಿಲ್ಲ, ನೆಲ ನೋಡಲಿಲ್ಲ. ಹೇಳ್ತೀಯಾ? ಹೇಳು, ಅನ್ನುವ ಹಾಗೆ ನಿಂತಳು. ದಿನವೂ ಆ ವ್ಯಾನು ಹತ್ತುವಾಗ ಮಾತ್ರ ಅವಳು ಕೂದಲಿಗೆ ಎಣ್ಣೆ ಹಚ್ಚಿ, ಕಿಟಕಿ ಪಕ್ಕದ ಸೀಟಿಗೆ ಗೆಳತಿಯರ ಜತೆ ಜಗಳ ಆಡುತ್ತ, ಬೇರೆಯದೇ ಹೆಂಗಸಾಗಿ ಹೋಗುತ್ತಿದ್ದುದನ್ನು ಅವನು ನೋಡಿದ್ದ. ಅವಳ ಮೇಲೆ ಮೈಯೆಲ್ಲ ಉರಿಯಿತು. ತಾನಾಗಿದ್ದರೆ ಎರಡು ಉಗುರು ಊರುತ್ತಿದ್ದೆ ಎಂದು ಹೊಳೆದು ಇನ್ನಷ್ಟು ಉರಿಯಿತು.

"ನೀನೇ ಕೂತ್ಕೋ ಅಣ್ಣ," ಎಂದ. "ಒಂದೇ ಒಂದು ಸಲ. ನಾನು ಹೇಳ್ಕೊಡ್ತೀನಿ."

"ತಮಾಷೆ ಸಾಕು, ಮಿಕ್ಕ ಮೇಕೆಗಳು ಅರಚ್ತಾ ಇವೆ" ಎಂದು ಅಣ್ಣ ಖಾಲಿ ಕ್ಯಾನನ್ನು ಕಾಲಿನಿಂದ ಚಿಕ್ಕನ ಕಡೆ ತಳ್ಳಿ ಹೊರಗೆ ಹೋದ. ಗೇಟಿನ ಬಳಿ ಅವನು ಡ್ರೈವರ್ ಜತೆ ನಗುವುದು ಕೇಳಿಸಿತು. ಬಟ್ಟೆಯ ಚೀಲ ದೊಪ್ಪೆಂದು ನೆಲಕ್ಕೆ ಬಿತ್ತು. ಲಾರಿ ಗೇರು ಬದಲಿಸಿತು.

ಚಿಕ್ಕ ಸ್ಟೂಲಿನ ಮೇಲೆ ಕೂತ. ಯಜಮಾನಿಯ ಹೊಟ್ಟೆಗೆ ಹಣೆ ಒತ್ತಿದ. ಜಗತ್ತನ್ನೇ ಹಿಸುಕಿ ಹಾಕುವಷ್ಟು ಸಿಟ್ಟಿತ್ತು. ಆದರೆ ಸಿಟ್ಟು ಬೆರಳಿಗೆ ಇಳಿದರೆ ಹಾಲು ಇಳಿಯುವುದಿಲ್ಲ. ಆದ್ದರಿಂದ ಅದನ್ನು ಮೊಣಕೈ ಹತ್ತಿರವೇ ತಡೆದು ನಿಲ್ಲಿಸಿದ. ಚುಚ್ಚಿದ ತೊಟ್ಟನ್ನು ಬಿಟ್ಟು ಇನ್ನೊಂದನ್ನು ಮೆಲ್ಲಗೆ, ಮಗುವಿನ ಕೆನ್ನೆ ಮುಟ್ಟುವಷ್ಟು ಮೆಲ್ಲಗೆ ಹಿಡಿದ.

ಅತ್ತಿಗೆ ಮುಂದಿನ ಮೇಕೆಯನ್ನು ಬಾಗಿಲಿಗೆ ತಂದು ನಿಲ್ಲಿಸಿದಳು.