ಮೈದುನನ ದಾಳಿಂಬೆ ರಸ

ದಾಳಿಂಬೆ ಹಣ್ಣು ಕಂಡರೆ ಈಗ ನನಗಾಗುವುದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆಲ್ಲ ಕೆಂಪು ಕಲೆ, ಒರೆಸುವ ಬಟ್ಟೆಯೂ ಕೆಂಪು, ನನ್ನ ಉಗುರಿನ ಸಂದಿ ಮಾತ್ರ ಕಪ್ಪು. ಸಿಪ್ಪೆಯ ಬುಟ್ಟಿಯಲ್ಲಿ ಸಣ್ಣ ನೊಣಗಳು ಸಂಸಾರ ಹೂಡಿವೆ. ಇಷ್ಟೆಲ್ಲ ನನ್ನ ಗಂಡನ ಪ್ರಾಸ್ಟೇಟ್ ಕ್ಯಾನ್ಸರ್ ವಾಸಿಯಾಗಲೆಂದು!

ನನ್ನ ಗಂಡ ಪ್ಲಂಬರ್. ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ಎಂದು ಡಾಕ್ಟರಮ್ಮ ಹೇಳಿದಾಗ, ಮೊದಲನೆಯದನ್ನು ಬಾಯಿ ಮುಚ್ಚಿಕೊಂಡು ಹಾಕಿಸಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ಮೈ ಬಿಸಿಯಾಗುವುದು, ಬೆವರು, ಸುಸ್ತು. ಏಣಿ ಹತ್ತಿದರೆ ಕಾಲು ನಡುಗುವುದು. ಆ ಹೊತ್ತಿಗೆ ಸರಿಯಾಗಿ ನನ್ನ ಮೈದುನ ವಕ್ಕರಿಸಿದ. ಬಸ್ ನಿಲ್ದಾಣದ ಎದುರು ಅವನದು ಜ್ಯೂಸ್ ಅಂಗಡಿ. ಮೊಬೈಲಿನಲ್ಲಿ ಏನನ್ನೋ ಅರೆಬರೆ ಓದಿಕೊಂಡು ಬಂದಿದ್ದ.

"ಅಣ್ಣಾ, ದಾಳಿಂಬೆ ರಸ ಕುಡಿದ್ರೆ ಈ ಕ್ಯಾನ್ಸರ್ ಬೆಳೆಯೋದೇ ನಿಂತುಹೋಗುತ್ತಂತೆ. ಆ ಸೂಜಿ ಚುಚ್ಚಿಸ್ಕೊಂಡು ಯಾಕೆ ಒದ್ದಾಡ್ತೀಯ?"

ಅವತ್ತಿನಿಂದ ದಿನಾ ಬೆಳಿಗ್ಗೆ ಒಂದು ಚೀಲ ಹಣ್ಣು ತಂದು ಬಾಗಿಲಲ್ಲಿಟ್ಟು ಹೋಗುತ್ತಾನೆ. ಅಂಗಡಿಯಲ್ಲಿ ಉಳಿದ, ಒಂದು ಮಗ್ಗುಲು ಮೆತ್ತಗಾದ ಹಣ್ಣು. ಬಿಡಿಸುವಾಗ ಬೆರಳು ಕೊಳೆತ ಕಡೆ ಇಳಿದರೆ, ಆ ಹುಳಿ ನಾತ ಊಟದ ಹೊತ್ತಿನವರೆಗೂ ಕೈ ಬಿಡುವುದಿಲ್ಲ.

ಎರಡನೇ ಇಂಜೆಕ್ಷನ್ನಿನ ದಿನ ನನ್ನವರು ಬಚ್ಚಲಿನಿಂದ ಬೀಗುತ್ತಾ ಹೊರಬಂದರು. ಮುಂಚೆ ತೊಟ್ಟಿಕ್ಕುತ್ತಿದ್ದ ಮೂತ್ರ ಈಗ ಸಲೀಸಾಗಿ ಹೋಗುತ್ತಿತ್ತು, ಎಲ್ಲ ಆ ರಸದ ಮಹಿಮೆಯಂತೆ.

"ನಲ್ಲೀಲಿ ನೀರು ಜೋರಾಗಿ ಬಂತು ಅಂದ್ರೆ ಪೈಪು ಸರಿ ಇದೆ ಅಂತ ಅರ್ಥ ಕಣೇ. ಸರಿ ಇರೋ ಪೈಪನ್ನ ಯಾರಾದ್ರೂ ಬಿಚ್ತಾರಾ?"

"ನಿಮ್ಮ ಹೊಟ್ಟೇಲಿರೋದು ಪೈಪಲ್ಲ ರೀ!"

ಯಾರು ಕೇಳುತ್ತಾರೆ? ಆ ಇಂಜೆಕ್ಷನ್ ತಪ್ಪಿಯೇ ಹೋಯಿತು.

ತಡೆಯಲಾರದೆ ಒಂದು ದಿನ ನಾನೊಬ್ಬಳೇ ಹೋಗಿ ಡಾಕ್ಟರಮ್ಮನನ್ನು ಕಂಡು ರಸದ ಕತೆಯೆಲ್ಲ ಹೇಳಿದೆ. ಅವರು ಬಿಡಿಸಿ ಹೇಳಿದರು. "ಮೂತ್ರ ಸಲೀಸಾಗಿದ್ದು ಮೊದಲನೇ ಇಂಜೆಕ್ಷನ್ನಿಂದ ಅಮ್ಮಾ. ರೋಗಿಗಳಿಗೆ ಆ ರಸ ಕೊಟ್ಟು ಪರೀಕ್ಷೆ ಮಾಡಿ ನೋಡಿದ್ದಾರೆ, ಕ್ಯಾನ್ಸರ್ ತಡೆಯುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಇಷ್ಟ ಇದ್ರೆ ಒಂದು ಲೋಟ ಕುಡೀಲಿ, ಬೇಡ ಅನ್ನಲ್ಲ. ಆದ್ರೆ ಇಂಜೆಕ್ಷನ್ ಬಿಟ್ರೆ ಕ್ಯಾನ್ಸರ್ ಮೂಳೆಗೆ ಹಬ್ಬಬಹುದು."

ಹೊರಗೆ ಬಂದರೆ, ರಕ್ತ ಪರೀಕ್ಷೆಯ ರಿಪೋರ್ಟ್ ಕೊಡುವ ಕಿಟಕಿಯ ಮುಂದೆ ನನ್ನ ಮೈದುನ! ನನ್ನನ್ನು ಕಂಡು ಕಾಗದವನ್ನು ಬೆನ್ನ ಹಿಂದೆ ಅಡಗಿಸಿದ.

"ಅಣ್ಣಂಗೆ ಬಂದ್ರೆ ತಮ್ಮಂಗೂ ಬರಬಹುದಂತೆ ಅತ್ತಿಗೆ. ಅದಕ್ಕೇ ಟೆಸ್ಟ್ ಮಾಡಿಸ್ಕೊಂಡೆ. ಸದ್ಯ, ಏನೂ ಇಲ್ಲ. ಅಣ್ಣಂಗೆ ಹೇಳ್ಬೇಡಿ."

ಥೂ! ಅಣ್ಣನಿಗೆ ಕೊಳೆತ ಹಣ್ಣು, ಇವನಿಗೆ ಆಸ್ಪತ್ರೆ. ಮುಖಕ್ಕೆ ಉಗಿಯೋಣವೆನ್ನಿಸಿತು. ಉಗಿಯುವ ಬದಲು ಅಂಗಿಯ ತೋಳು ಹಿಡಿದು ಮನೆಗೆ ಎಳೆತಂದೆ.

ನನ್ನವರು ಲೋಟ ಹಿಡಿದು ಕೂತಿದ್ದರು, ಮೀಸೆಗೆಲ್ಲ ರಸ ಮೆತ್ತಿಕೊಂಡಿತ್ತು. ಡಾಕ್ಟರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. "ಈಗ ನೀನು ಹೇಳು" ಎಂದು ಮೈದುನನನ್ನು ಮುಂದೆ ನೂಕಿದೆ. ಅವನು ತೊದಲುತ್ತಾ ಟೆಸ್ಟಿನ ವಿಷಯ ಹೇಳಿದ. ನನ್ನವರಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಮುಖ ಅರಳಿತು.

"ನೋಡಿದ್ಯೇನೇ? ಒಂದೇ ತಾಯಿ ಮಕ್ಕಳು ನಾವು. ನನಗೆ ಬಂತು, ಇವನಿಗೆ ಬರ್ಲಿಲ್ಲ. ಯಾಕೆ ಹೇಳು? ಬೆಳಗಿಂದ ಸಂಜೆವರೆಗೂ ಆ ರಸ ಕುಡ್ಕೊಂಡೇ ಇರ್ತಾನೆ. ಹಾಕು ಇನ್ನೊಂದು ಲೋಟ!"

ತಲೆ ಚಚ್ಚಿಕೊಳ್ಳುವಂತಾಯಿತು ನನಗೆ. ಮೈದುನ ಈಗ ಹೂಂ ಎಂದುಬಿಟ್ಟರೆ ಸಾಕು, ಈ ಮನುಷ್ಯ ಇನ್ನು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಅವನು ನನ್ನ ಕಡೆ ನೋಡಿದ, ನೆಲ ನೋಡಿದ.

"ಅಣ್ಣಾ, ನಾನದನ್ನ ಬಾಯಿಗೂ ಹಾಕಲ್ಲ."

"ಏನಂದೆ?"

"ಅಂಗಡಿ ಇಟ್ಟ ಹೊಸದ್ರಲ್ಲೇ ಬಿಟ್ಟೆ. ಆ ವಾಸನೆಗೇ ವಾಂತಿ ಬರುತ್ತೆ ನಂಗೆ."

ನನ್ನವರ ಬಾಯಲ್ಲಿ ಒಂದು ಗುಟುಕಿತ್ತು. ನುಂಗಲಿಲ್ಲ. ಎದ್ದು ಹೋಗಿ ಬಚ್ಚಲಲ್ಲಿ ಉಗಿದು ಬಂದರು. ತಮ್ಮನ ಕಡೆ ತಿರುಗಿಯೂ ನೋಡದೆ, ಸಣ್ಣ ದನಿಯಲ್ಲಿ ನನ್ನನ್ನು ಕೇಳಿದರು.

"ಮೂಳೆಗೆ ಹೋಗಿರುತ್ತೇನೇ?"

"ಗೊತ್ತಿಲ್ಲ ರೀ" ಎಂದೆ. "ಏಳಿ, ಡಾಕ್ಟರಮ್ಮ ಇನ್ನೂ ಇರ್ತಾರೆ."